ಅಪ್ಪನ ಅಂಗಿಯ ಕೆಂಪು ಪಟ್ಟಿ

ನಮ್ಮ ರಸ್ತೆಗೆ ಹೆದ್ದಾರಿ ಎಂದು ಹೆಸರಿಟ್ಟವರು ಯಾರೋ, ಅವರನ್ನು ಒಂದು ಸಲ ಹಿಮ ಕರಗುವ ಕಾಲದಲ್ಲಿ ಇದರ ಮೇಲೆ ಓಡಾಡಿಸಬೇಕು. ಪ್ರಾಂತ್ಯದ ನಕ್ಷೆಯಲ್ಲಿ ಇದಕ್ಕೊಂದು ನಂಬರಿದೆ, ದಪ್ಪನೆಯ ಗೆರೆಯಿದೆ. ನೆಲದ ಮೇಲೆ ನೋಡಿದರೆ ಇದು ಬರೀ ಜಲ್ಲಿ ದಾರಿ. ದಕ್ಷಿಣದ ರೈಲು ಊರಿನಿಂದ ಹೊರಟು, ಸ್ಪ್ರೂಸ್ ಕಾಡನ್ನೂ ಜೌಗನ್ನೂ ಲೆಕ್ಕವಿಲ್ಲದ ಕೆರೆಗಳನ್ನೂ ಬಳಸಿಕೊಂಡು, ನಮ್ಮೂರಿನ ಸರೋವರದ ದಂಡೆಗೆ ಬಂದು ಇನ್ನು ನನ್ನ ಕೈಲಾಗದು ಎಂದು ಕೂತುಬಿಡುತ್ತದೆ. ನಡುವೆ ಒಂದೇ ಒಂದು ಪೆಟ್ರೋಲ್ ಬಂಕು. ಫೋನು ಎಲ್ಲೂ ಸಿಗುವುದಿಲ್ಲ. ಸಿಗದಿದ್ದರೆ ಹೋಯಿತು, ನಮಗೆ ಪಟ್ಟಿ ಇತ್ತು.

ಪಟ್ಟಿ ಎಂದರೆ ಹಳೆ ಬಟ್ಟೆಯ ಒಂದು ಚೂರು, ಅಷ್ಟೆ. ರಸ್ತೆ ಬಿಟ್ಟು ಕಾಡಿನೊಳಕ್ಕೆ ಹೋಗುವವರು ತಮ್ಮ ಕಾಲುದಾರಿ ಶುರುವಾಗುವಲ್ಲಿ ಕಂಬಕ್ಕೆ ಅದನ್ನು ಕಟ್ಟಿ ಹೋಗುತ್ತಾರೆ, ಹೊರಗೆ ಬಂದಾಗ ತಾವೇ ಬಿಚ್ಚಿಕೊಳ್ಳುತ್ತಾರೆ. ಪಟ್ಟಿ ಇದ್ದರೆ ಒಳಗೆ ಜನ ಇದ್ದಾರೆ, ಆ ಕಡೆ ಯಾರೂ ಬಂದೂಕು ಒಯ್ಯುವಂತಿಲ್ಲ. ಮೂರನೆಯ ಸಂಜೆಗೂ ಪಟ್ಟಿ ಹಾಗೇ ಇದ್ದರೆ, ಕಂಡವರು ಯಾರೇ ಆಗಲಿ, ಗಾಡಿ ನಿಲ್ಲಿಸಿ ಒಳಗೆ ಹುಡುಕಿಕೊಂಡು ಹೋಗಬೇಕು. ಇದನ್ನು ಯಾರೂ ಕಾನೂನು ಮಾಡಿಲ್ಲ. ಈ ಕಾಡಿನ ಮೂಲನಿವಾಸಿಗಳು, ಓಜಿಬ್ವೆಗಳಾದ ನಾವೂ, ರಸ್ತೆ ಕೆಲಸಕ್ಕೆ ಬಂದು ಇಲ್ಲೇ ಮುದುಕರಾದ ಫಿನ್ಲೆಂಡಿನವರೂ ಹಾಗೇ ನಡೆದುಕೊಂಡು ಬಂದಿದ್ದೆವು. ಇನ್ನೊಬ್ಬರ ಪಟ್ಟಿಗೆ ಕೈ ಹಚ್ಚಿದವರನ್ನು ನಾನಂತೂ ಕಂಡಿರಲಿಲ್ಲ.

ನನ್ನ ಪಟ್ಟಿ ಅಪ್ಪನ ಕೆಂಪು ಚೌಕಳಿ ಅಂಗಿಯದು. ಅಪ್ಪ ಹೋದ ಮೇಲೆ ಅಕ್ಕ ಫಿಲೊಮಿನ್ ಮತ್ತು ನಾನು ಆ ಅಂಗಿಯನ್ನು ಕತ್ತರಿಸಿ ಹಂಚಿಕೊಂಡೆವು. ಅವಳು ತನ್ನ ಪಾಲನ್ನು ಕೌದಿಗೆ ಸೇರಿಸಿ ಹೊಲಿದಳು, ನಾನು ಪಟ್ಟಿ ಮಾಡಿಕೊಂಡೆ. ಅಪ್ಪ ಬಿಟ್ಟುಹೋದದ್ದು ಇನ್ನೊಂದಿತ್ತು. ಮೂರನೆಯ ಮೋರಿಯ ಪಕ್ಕದಿಂದ ಒಳಕ್ಕೆ ಹೋದರೆ ಸಿಗುವ ಕೆರೆ, ಅದರ ದಂಡೆಯ ಮರದ ಗುಡಿಸಲು, ಗುಡಿಸಲ ಹಿಂದಿನ ಕೊಲ್ಲಿ. ಮೂಸ್ ಕಡವೆಗಳು ಬೆದೆಗೆ ಬರುವ ಕಾಲದಲ್ಲಿ ಗಂಡುಗಳು ಆ ಕೊಲ್ಲಿಗೇ ಬಂದು ಸೇರುತ್ತವೆ, ಒಂದೊಂದೂ ಕುದುರೆಗಿಂತ ಎತ್ತರ. ಅಲ್ಲಿ ಮಾತ್ರ ಗುಂಡು ಹಾರಿಸಬಾರದು, ಅದು ಅವುಗಳ ಸಂಸಾರದ ಜಾಗ ಎಂದು ಅಪ್ಪ ಹೇಳುತ್ತಿದ್ದ. ಕೆರೆಗೆ ಮೀನಿಗೆಂದು ಯಾರು ಬೇಕಾದರೂ ಬರಬಹುದು. ಹಿಂದೆ ಆ ಕೊಲ್ಲಿ ಇದೆ ಎಂಬುದನ್ನು ಮಾತ್ರ ನಾವಿಬ್ಬರು ಹೆಣ್ಣುಮಕ್ಕಳು ಬಿಟ್ಟು ಇನ್ನಾರಿಗೂ ತಿಳಿಸಬಾರದೆಂದು ಮಾತು ತೆಗೆದುಕೊಂಡಿದ್ದ.

ಇನ್ನು ಅಕ್ಕನ ಗಂಡ, ನನ್ನ ಭಾವ ಲಿಯಾಂಡರ್. ನಮ್ಮ ಜನರಲ್ಲಿ ಭಾವ, ನಾದಿನಿ ಎಂದರೆ ಒಬ್ಬರ ಕಾಲನ್ನೊಬ್ಬರು ಎಳೆಯುವುದಕ್ಕೇ ಹುಟ್ಟಿದವರು. ಕಂಡಕಂಡಲ್ಲಿ ಹಂಗಿಸಬೇಕು, ಹಂಗಿಸಿಕೊಂಡವರು ಎದುರುತ್ತರ ಕೊಡಬೇಕು, ಸುತ್ತಲಿದ್ದವರು ಹೊಟ್ಟೆ ಹಿಡಿದುಕೊಂಡು ನಗಬೇಕು. ಎಷ್ಟು ಮಾತಿನ ಏಟು ಬಿದ್ದರೂ ಯಾರೂ ಬೇಸರಪಟ್ಟುಕೊಳ್ಳುವಂತಿಲ್ಲ. ಭಾವನ ಜೊತೆ ನಯವಿನಯದಿಂದ ಮಾತಾಡಿದರೆ ಮಾತ್ರ ಮುಗಿಯಿತು, ಋಣ ಹರಿಯಿತು ಎಂದೇ ಅರ್ಥ. ನಮ್ಮ ಸೋದರತ್ತೆಯೊಬ್ಬಳು ತನ್ನ ಭಾವನಿಗೆ ಒಂದು ದಿನ ಮರ್ಯಾದೆ ಕೊಟ್ಟು ಮಾತಾಡಿದಳಂತೆ. ಆ ಎರಡು ಮನೆಯವರು ಆಮೇಲೆ ಒಬ್ಬರ ಹೊಸ್ತಿಲನ್ನೊಬ್ಬರು ತುಳಿಯದೆಯೇ ಸತ್ತರು.

ಲಿಯಾಂಡರನ ಪ್ರಕಾರ ನನ್ನ ಮೂಗು ನೋಡಿ ಮೂಸುಗಳು ಸಂಬಂಧ ಕೇಳಿಕೊಂಡು ಬರುತ್ತವೆ. ನನ್ನ ಪ್ರಕಾರ ಅವನಿಗೆ ಹಿತ್ತಲ ಕಕ್ಕಸಿಗೆ ಹೋಗಲೂ ನಕ್ಷೆ ಬೇಕು. ಮೂವತ್ತು ವರ್ಷದಿಂದ ಹೀಗೇ ನಡೆದಿತ್ತು. ನನ್ನ ಗಂಡ ಬ್ಯಾಸಿಲ್ ಮಂಜುಗಡ್ಡೆ ಒಡೆದು ಸರೋವರದಲ್ಲಿ ಮುಳುಗಿಹೋದಾಗ ಊರವರೆಲ್ಲ ನನ್ನೆದುರು ಪಿಸುಮಾತಿನಲ್ಲಿ ಮಾತಾಡುತ್ತಿದ್ದರು. ಲಿಯಾಂಡರ್ ಒಬ್ಬನೇ ಬಂದು, ನಾನು ಮಾಡಿದ್ದ ಬಾಣಲೆ ರೊಟ್ಟಿಯನ್ನು ಮುರಿದು ನೋಡಿ, ಇದನ್ನು ತಿನ್ನೋ ಬದಲು ನೀರಿಗೆ ಬಿದ್ದದ್ದೇ ವಾಸಿ ಅಂದ್ಕೊಂಡಿರ್ಬೇಕು ಬ್ಯಾಸಿಲ್ ಎಂದ. ಎಲ್ಲರೂ ಬೆಚ್ಚಿಬಿದ್ದರು. ನಾನು ನಕ್ಕೆ, ನಗುತ್ತಾ ನಗುತ್ತಾ ಅತ್ತೆ. ಅವತ್ತು ಅವನು ನನ್ನನ್ನು ಬದುಕಿಸಿದ. ಆ ಋಣವನ್ನು ನಾನು ಮರೆತಿರಲಿಲ್ಲ.

ಹೋದ ಶರತ್ಕಾಲದಲ್ಲಿ ಬಿಳಿಮೀನು ದಂಡೆಗೆ ಬರುವ ಹೊತ್ತಿಗೆ ನಾನು ಪ್ರತಿ ವರ್ಷದಂತೆ ಅಪ್ಪನ ಗುಡಿಸಲಿಗೆ ಹೊರಟೆ. ಲಿಯಾಂಡರನೇ ತನ್ನ ಗಾಡಿಯಲ್ಲಿ ಮೂರನೆಯ ಮೋರಿಯವರೆಗೆ ತಂದುಬಿಟ್ಟ. ನಾನು ಕಂಬಕ್ಕೆ ಪಟ್ಟಿ ಕಟ್ಟುವುದನ್ನು ನೋಡುತ್ತಾ, ಯಾರಾದ್ರೂ ಗಂಡು ಮೂಸು ನೋಡ್ಲಿ ಅಂತಾನಾ ಎಂದು ಕೇಳಿದ. ನಿನ್ನಂಥ ಕುರುಡ ಮೂಸಿಗೆ ಏನು ಕಂಡೀತು ಎಂದು ಹೇಳಿ ಒಳದಾರಿ ಹಿಡಿದೆ. ಎರಡು ರಾತ್ರಿ ಇದ್ದು, ಮೀನು ಹೊಗೆಗೆ ಹಾಕಿ, ರಸ್ತೆಗೆ ಬಂದು ಸಿಕ್ಕ ಗಾಡಿ ಹತ್ತಿ ಮರಳುವ ಲೆಕ್ಕ.

ಮಾರನೆಯ ದಿನ ಬಲೆ ಎಳೆದುಕೊಂಡು ದೋಣಿಯಿಂದ ಇಳಿಯುವಾಗ ಕಾಲು ಜಾರಿ ಎರಡು ಬಂಡೆಗಳ ಸಂದಿಯಲ್ಲಿ ಸಿಕ್ಕಿಕೊಂಡಿತು. ಎಳೆದುಕೊಂಡಾಗ ಕಣಕಾಲಿನಲ್ಲಿ ಏನೋ ಲಟಕ್ಕೆಂದಿತು. ತೆವಳಿಕೊಂಡು ಗುಡಿಸಲು ಸೇರಿದೆ, ಕಾಲಿಗೆ ಬಟ್ಟೆ ಸುತ್ತಿದೆ. ನಿಜ ಹೇಳಬೇಕೆಂದರೆ ನನಗೆ ಎಳ್ಳಷ್ಟೂ ಭಯವಾಗಲಿಲ್ಲ. ಪಟ್ಟಿ ಇದೆಯಲ್ಲ! ರಸ್ತೆ ಕೆರೆಯುವ ಯಂತ್ರ ಓಡಿಸುವ ಮುದುಕ ಉರ್ಹೋ ದಿನಾ ಆ ದಾರಿಯಲ್ಲಿ ಬರುತ್ತಾನೆ, ಅವನ ಕಣ್ಣಿಗೆ ಯಾವ ಪಟ್ಟಿಯೂ ತಪ್ಪುವುದಿಲ್ಲ. ಆಗಲೇ ಹೊರಟಿದ್ದರೆ, ಬಾವು ಏರುವ ಮುಂಚೆ, ಕುಂಟುತ್ತಾ ರಸ್ತೆ ಸೇರಬಹುದಿತ್ತು. ಯಾಕೆ ಹೋಗಲಿ? ಕೂತಲ್ಲೇ ಕೂತು ಒಣ ಸೌದೆಯನ್ನೆಲ್ಲ ಧಾರಾಳವಾಗಿ ಉರಿಸಿದೆ, ಒಳ್ಳೊಳ್ಳೆ ಮೀನು ಸುಟ್ಟು ತಿಂದೆ, ಚಹಾ ಕುಡಿದೆ. ಉರ್ಹೋ ಬಂದಾಗ ಅವನಿಗೂ ಎರಡು ಮೀನು ಇರಲಿ ಎಂದು ತೆಗೆದಿಟ್ಟೆ.

ಮರುದಿನ ಬೆಳಿಗ್ಗೆ ಹಿಂದಿನ ಕೊಲ್ಲಿಯಲ್ಲಿ ಗುಂಡಿನ ಸದ್ದಾಯಿತು. ಮೊದಲು ನನ್ನ ಕಿವಿಯನ್ನೇ ನಂಬಲಿಲ್ಲ. ಮತ್ತೊಂದು ಗುಂಡು ಬಾಗಿಲ ಚೌಕಟ್ಟಿಗೆ ಬಡಿದು ಚಕ್ಕೆ ಹಾರಿತು. ನಾನು ನೆಲಕ್ಕೆ ಬೋರಲು ಬಿದ್ದು ಗಂಟಲು ಹರಿಯುವ ಹಾಗೆ ಕೂಗಿದೆ. ಗಾಳಿ ಆ ಕಡೆಯಿಂದ ಬೀಸುತ್ತಿತ್ತು, ನನ್ನ ಕೂಗು ನನ್ನ ಬಾಯಿಗೇ ವಾಪಸು ಬಂತು. ಗಂಡಸರ ನಗು, ಮೂಸೊಂದರ ಕೊನೆಯ ನರಳಾಟ ಕೇಳಿಸಿತು. ಬಹಳ ಹೊತ್ತು ಕೊಡಲಿಯ ಪೆಟ್ಟು. ಆಮೇಲೆ ಏನೂ ಇಲ್ಲ.

ನೆಲದ ಮೇಲೆ ಬಿದ್ದುಕೊಂಡೇ ಆ ಜನರಿಗೆ ನನಗೆ ಗೊತ್ತಿದ್ದ ಎರಡೂ ಭಾಷೆಯಲ್ಲಿ ಬೈದೆ. ಪಟ್ಟಿ ಕಂಡೂ ಒಳಗೆ ಬಂದವರು ಎಂಥ ಹುಟ್ಟು ಹುಟ್ಟಿದವರಿರಬೇಕು? ದಕ್ಷಿಣದಿಂದ ಬಂದ ಷೋಕಿ ಬೇಟೆಗಾರರೇ ಸರಿ. ಇರಲಿ, ಊರಿಗೆ ಹೋಗಿ ಲಿಯಾಂಡರನಿಗೆ ಒಂದು ಮಾತು ಹೇಳಿದರೆ ಸಾಕು, ಅವನು ಇವರನ್ನು ಹುಡುಕಿ ಚರ್ಮ ಸುಲಿಯುತ್ತಾನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಮೂರನೆಯ ಸಂಜೆ ಉರ್ಹೋ ಬರಲಿಲ್ಲ. ಮರುದಿನ ಹಿಮ ಬಿತ್ತು, ಅವತ್ತೂ ಬರಲಿಲ್ಲ. ಮುದುಕನಿಗೆ ಏನಾದರೂ ಆಯಿತೇ ಎಂದು ಅವನ ಬಗ್ಗೆಯೇ ಚಿಂತೆಯಾಯಿತು. ಅವನಿಗೆಂದು ಇಟ್ಟಿದ್ದ ಮೀನನ್ನೂ ತಿಂದೆ. ಸೌದೆ ಮುಗಿದು ಗುಡಿಸಲಿನ ಮಂಚವನ್ನು ಒಡೆದು ಉರಿಸಿದ ಮೇಲೆ ಗೊತ್ತಾಯಿತು, ಇನ್ನು ಕೂತರೆ ಇಲ್ಲೇ ಹೆಣ. ದೋಣಿಯ ಹುಟ್ಟನ್ನು ಕಂಕುಳಿಗೆ ಕೊಟ್ಟುಕೊಂಡು ಹೊರಟೆ. ಆರೋಗ್ಯವಂತರು ಮಾತಾಡುತ್ತಾ ನಡೆದು ಮುಗಿಸುವ ದಾರಿ, ನನಗೆ ಬೆಳಗಿನಿಂದ ಸಂಜೆಯವರೆಗೆ ಹಿಡಿಯಿತು. ಜೌಗಿನಲ್ಲಿ ಎರಡು ಸಲ ಸೊಂಟದವರೆಗೆ ಹೂತುಹೋದೆ. ಪಟ್ಟಿ ಇದೆ, ಪಟ್ಟಿ ಇದೆ ಎಂದುಕೊಳ್ಳುತ್ತಾ ಎದ್ದು ಬಂದೆ.

ಕಂಬ ಬೋಳಾಗಿತ್ತು.

ಅಪ್ಪ ಕಲಿಸಿದ ಗಂಟು ಗಾಳಿಗೆ ಬಿಚ್ಚುವಂಥದ್ದಲ್ಲ. ಹರಿದಿದ್ದರೆ ಒಂದು ಎಳೆಯಾದರೂ ಇರಬೇಕಿತ್ತು. ಕಂಬವನ್ನು ಸುತ್ತಲೂ ತಡವಿ ನೋಡಿದೆ, ಅಕ್ಕಪಕ್ಕದ ಹಿಮ ಕೆದಕಿ ನೋಡಿದೆ. ಆಮೇಲೆ ಕಂಬಕ್ಕೆ ಬೆನ್ನು ಕೊಟ್ಟು ಕೂತುಬಿಟ್ಟೆ. ಅಷ್ಟು ದಿನ ನಾನು ಏನನ್ನು ನಂಬಿ ಕೂತಿದ್ದೆನೋ ಅದು ಇಲ್ಲಿ ಇರಲೇ ಇಲ್ಲ.

ಕತ್ತಲಾಗುವ ಮುಂಚೆ ಉರ್ಹೋನ ಯಂತ್ರ ಗಡಗಡ ಬಂತು. ನನ್ನನ್ನು ಕಂಡು ನಿಲ್ಲಿಸಿ ಇಳಿದ. ಉರ್ಹೋ ಮಾತಿಗೆ ಬಹಳ ಜಿಪುಣ. ನನ್ನನ್ನು ಎತ್ತಿ ಮೇಲೆ ಕೂರಿಸಿ, ತನ್ನ ಕಂಬಳಿ ಹೊದಿಸಿ, ಫ್ಲಾಸ್ಕಿನ ಕಾಫಿ ಕೊಟ್ಟ ಮೇಲೆಯೇ ಬಾಯಿ ಬಿಟ್ಟ.

"ನೀನು ಮನೆಗೆ ಹೋದೆ ಅಂದ್ರಲ್ಲ, ಡೆಲಿಮಾ."

"ಯಾರು ಅಂದಿದ್ದು?"

"ನಿನ್ನ ಭಾವ. ಮೋರಿ ಹತ್ರ ಗಾಡಿ ನಿಲ್ಸಿದ್ದ. ಪಟ್ಟಿ ಅವನ ಕೈಯಲ್ಲೇ ಇತ್ತು. ಅವಳು ನಿನ್ನೇನೇ ಬಂದ್ಲು, ಮನೇಲಿ ಮಲ್ಗಿದಾಳೆ, ಬಿಚ್ಚೋದು ಮರ್ತಿದ್ಲು ಅಂದ." ಅವನು ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಹಾಕಿದ. "ಒಳ್ಳೇದಾಯ್ತು, ನಾನು ಇಳಿಯೋದು ತಪ್ತು ಅಂತ ಥ್ಯಾಂಕ್ಸ್ ಬೇರೆ ಹೇಳಿದೆ."

ಒಳಗೆ ಹೋಗಿ ನೋಡಬೇಕಿತ್ತು, ತಪ್ಪು ನನ್ನದು ಎಂದು ಅವನು ಗೊಣಗಿದ. ಪಟ್ಟಿ ಇಳಿದ ಮೇಲೆ ಒಳಗೆ ಯಾರು ತಾನೇ ಹೋಗುತ್ತಾರೆ, ನಿನ್ನದೇನೂ ತಪ್ಪಿಲ್ಲ ಎಂದೆ. ಆ ಮಾತು ಹೇಳಿದ್ದು ನೆನಪಿದೆ. ಆಮೇಲೆ ದಾರಿಯುದ್ದಕ್ಕೂ ಉರ್ಹೋ ಏನು ಹೇಳಿದನೋ ನನಗೆ ಕೇಳಿಸಲಿಲ್ಲ.

ಪೆಟ್ರೋಲ್ ಬಂಕಿನ ಎದುರು ಲಿಯಾಂಡರನ ಗಾಡಿ ನಿಂತಿತ್ತು. ಹಿಂಬದಿಯಲ್ಲಿ ಗಂಡು ಮೂಸಿನ ತಲೆ. ಕೊಂಬುಗಳು ಗಾಡಿಯ ಎರಡೂ ಪಕ್ಕಕ್ಕೆ ಚಾಚಿದ್ದವು. ಗಾಡಿಯಿಂದ ಆಚೆಗೆ ಚಾಚಿದ ಹೊರೆಗೆ ಕೆಂಪು ಬಟ್ಟೆ ಕಟ್ಟಬೇಕೆಂಬುದು ಈ ರಸ್ತೆಯ ನಿಯಮ. ಲಿಯಾಂಡರ್ ನಿಯಮ ಪಾಲಿಸಿದ್ದ. ಬಲಗಡೆಯ ಕೊಂಬಿನ ತುದಿಯಲ್ಲಿ ಅಪ್ಪನ ಚೌಕಳಿ ಅಂಗಿ ಪಟಪಟ ಹಾರುತ್ತಿತ್ತು.

ಬಂಕಿನ ಕಿಟಕಿಯಿಂದ ನನ್ನನ್ನು ಕಂಡು ಅವನು ಹೊರಗೆ ಬಂದ. ಮುಖದಲ್ಲಿ ರಕ್ತವಿರಲಿಲ್ಲ. ಆದರೂ ಮೂವತ್ತು ವರ್ಷದ ಅಭ್ಯಾಸ, ಬಾಯಿ ತನ್ನ ಕೆಲಸ ತಾನು ಮಾಡಿತು.

"ಏನೇ, ಉರ್ಹೋನ ಜೊತೆ ಸುತ್ತಾಡ್ತಿದೀಯ? ಮೂಸುಗಳು ಯಾರೂ ಒಪ್ಲಿಲ್ವಾ?"

ನಾನು ಕೊಂಬನ್ನು ನೋಡಿದೆ. ಅವನೂ ನೋಡಿದ. ಉರ್ಹೋ ಹೋಗಿ ಆ ಪಟ್ಟಿಯನ್ನು ಬಿಚ್ಚಿ ತಂದು ನನ್ನ ಕೈಗಿಟ್ಟ. ರಕ್ತ ಒಣಗಿ ಗಟ್ಟಿಯಾಗಿತ್ತು.

ಎರಡು ದಿನ ಬಿಟ್ಟು ಅಕ್ಕ ನನ್ನ ಮನೆಗೆ ಬಂದಳು. ನನ್ನ ಕಾಲಿಗೆ ಕರಡಿ ಕೊಬ್ಬು ತಿಕ್ಕುತ್ತಾ, ತಲೆ ಎತ್ತದೆ, ನಡೆದದ್ದನ್ನೆಲ್ಲ ಹೇಳಿದಳು. ದಕ್ಷಿಣದವನೊಬ್ಬ ರಸ್ತೆಯ ಪಕ್ಕ ಬೇಟೆ ಶಿಬಿರ ತೆರೆಯುತ್ತಿದ್ದಾನೆ. ಅಲ್ಲಿ ಮುಖ್ಯ ಮಾರ್ಗದರ್ಶಿಯ ಕೆಲಸ ಲಿಯಾಂಡರನಿಗೆ ಬೇಕಿತ್ತು. ಮೊದಲ ಅತಿಥಿಗಳಿಗೆ ದೊಡ್ಡ ಗಂಡು ತೋರಿಸಿದರೆ ಕೆಲಸ ಖಾಯಂ. ಎರಡು ದಿನ ಸುತ್ತಿದರೂ ಏನೂ ಸಿಗಲಿಲ್ಲ, ಅತಿಥಿಗಳು ಗೊಣಗತೊಡಗಿದರು. ಕೊಲ್ಲಿಯ ವಿಷಯ ಅವನಿಗೆ ಹೇಳಿದ್ದು ಅಕ್ಕನೇ. ಪಟ್ಟಿ ಕಂಡರೆ ಆ ಅತಿಥಿಗಳು ಒಳಗೆ ಕಾಲಿಡುವುದಿಲ್ಲ, ಅಷ್ಟು ನಿಯಮ ಅವರಿಗೂ ಗೊತ್ತು. ಅದಕ್ಕೆ ಅವರಿಗಿಂತ ಮುಂಚೆ ಹೋಗಿ ಬಿಚ್ಚಿದ. ಉರ್ಹೋ ಎದುರಾದಾಗ ಬಾಯಿಗೆ ಬಂದ ಸುಳ್ಳು ಹೇಳಿದ. ಗುಡಿಸಲ ಮುಂದೆ ಹಾಯದೆ ಅತಿಥಿಗಳನ್ನು ಬಳಸುದಾರಿಯಲ್ಲಿ ಕೊಲ್ಲಿಗೆ ಕರೆದೊಯ್ದ. ಅತಿಥಿಗಳು ಹೊರಬಂದ ಮೇಲೆ ಮತ್ತೆ ಕಟ್ಟುವ ಯೋಚನೆಯಿತ್ತಂತೆ. ಕೊಂಬಿಗೆ ಕೆಂಪು ಬಟ್ಟೆ ಬೇಕಾಯಿತು, ಕೈಯಲ್ಲಿ ಅದೇ ಇತ್ತು. ಕೊಂಬು ಶಿಬಿರದ ಗೋಡೆಗೆಂದು ತಲೆ ಗಾಡಿಯಲ್ಲೇ ಉಳಿಯಿತು. ಅತಿಥಿಗಳನ್ನೂ ಅವರ ಪಾಲಿನ ಮಾಂಸವನ್ನೂ ದಕ್ಷಿಣಕ್ಕೆ ಮುಟ್ಟಿಸಿ ಬರುವಷ್ಟರಲ್ಲಿ ಹಿಮ ಬಿದ್ದಿತ್ತು. ನಾನು ಹೇಗೂ ನಡೆದು ಬಂದಿರುತ್ತೇನೆ ಎಂದುಕೊಂಡನಂತೆ.

ನಾನು ಬಂದಿಲ್ಲ ಎಂದು ನಿನಗೆ ಗೊತ್ತಾಗಲಿಲ್ಲವಾ ಎಂದು ಕೇಳಿದೆ. ನೀನು ಇನ್ನೂ ಸ್ವಲ್ಪ ದಿನ ಮೀನಿಗೆ ನಿಂತಿದ್ದೀಯ ಅಂತ ಅವನೇ ಹೇಳಿದ ಎಂದಳು. ಉರ್ಹೋಗೆ ಹೇಳಿದ್ದು ಮನೆಗೆ ಬಂದಳು ಎಂದು, ಅಕ್ಕನಿಗೆ ಹೇಳಿದ್ದು ಕಾಡಲ್ಲೇ ಇದ್ದಾಳೆ ಎಂದು. ಗುಂಡು ಬಾಗಿಲಿಗೆ ಬಡಿದದ್ದನ್ನು ಹೇಳಿದಾಗ ಅವಳ ಕೈ ನಿಂತಿತು. ಕಣ್ಣೊರೆಸಿಕೊಂಡು ಮತ್ತೆ ತಿಕ್ಕತೊಡಗಿದಳು.

"ಶನಿವಾರ ಸಮುದಾಯ ಭವನದಲ್ಲಿ ಊಟ ಇದೆ," ಎಂದಳು. "ಅವನು ತನ್ನ ಪಾಲಿನ ಮಾಂಸ ಎಲ್ಲಾ ಊರಿಗೇ ಕೊಡ್ತಿದಾನೆ. ಅಲ್ಲಿ ಇದನ್ನ ತಮಾಷೆ ಮಾಡಿ ಹೇಳ್ತಾನೆ. ನೀನೂ ಒಂದು ತಿರುಗಿಸಿ ಕೊಟ್ಬಿಡೇ. ಜನ ನಗ್ತಾರೆ, ಅಲ್ಲಿಗೆ ಮುಗೀತು."

"ಕೊಡ್ದಿದ್ರೆ?"

"ಕೊಡ್ದಿದ್ರೆ ನಿನಗೆ ನಾನೂ ಇಲ್ಲ, ನನಗೆ ನೀನೂ ಇಲ್ಲ. ಇಬ್ರಿಗೂ ಇನ್ಯಾರಿದಾರೆ ಹೇಳು."

ಅದು ಬೆದರಿಕೆಯಾಗಿರಲಿಲ್ಲ, ನಿಜ. ನನಗೆ ಮಕ್ಕಳಿಲ್ಲ, ಗಂಡನಿಲ್ಲ. ಚರ್ಮದ ಪಾದರಕ್ಷೆ ಹೊಲಿದು ಬದುಕುವ ಒಂಟಿ ಹೆಂಗಸು. ಭಾನುವಾರದ ಊಟ, ಅಕ್ಕನ ಮೊಮ್ಮಕ್ಕಳ ಗಲಾಟೆ, ಚಳಿಗಾಲದ ಇಸ್ಪೀಟು, ನನಗಿದ್ದದ್ದೆಲ್ಲ ಆ ಮನೆಯೇ. ಒಂದು ಮಾತು ಸಾಕಿತ್ತು, ಎಲ್ಲ ಉಳಿಯುತ್ತಿತ್ತು. ಶನಿವಾರದವರೆಗೂ ಹೊಲಿಗೆ ಹಾಕುತ್ತಾ ಮಾತುಗಳನ್ನು ಜೋಡಿಸಿದೆ. ಒಳ್ಳೊಳ್ಳೆಯವೇ ಹೊಳೆದವು. ಒಂದೆರಡಕ್ಕೆ ನಾನೇ ನಕ್ಕೆ.

ಭವನದಲ್ಲಿ ಊರಿಗೆ ಊರೇ ಸೇರಿತ್ತು. ಬೆಂದ ಮಾಂಸದ ವಾಸನೆ, ಮಕ್ಕಳ ಓಡಾಟ. ಉರ್ಹೋ ಗೋಡೆ ಪಕ್ಕ ಟೋಪಿ ಹಿಡಿದು ನಿಂತಿದ್ದ. ಲಿಯಾಂಡರ್ ಹೊಸ ಜಾಕೆಟ್ಟು ಹಾಕಿಕೊಂಡು ಬಡಿಸುತ್ತಿದ್ದ, ಎದೆಯ ಮೇಲೆ ಶಿಬಿರದ ಹೆಸರಿತ್ತು. ಮೂಸಿನ ಮೂಗು ನಮ್ಮಲ್ಲಿ ಎಲ್ಲಕ್ಕಿಂತ ಒಳ್ಳೆಯ ತುಂಡು, ಹಿರಿಯರಿಗೆ ಮೀಸಲು. ಅದನ್ನು ತಟ್ಟೆಯಲ್ಲಿಟ್ಟುಕೊಂಡು ಅವನು ನೇರವಾಗಿ ನನ್ನ ಮೇಜಿಗೆ ಬಂದ. ಬರುತ್ತಲೇ ದೊಡ್ಡ ದನಿಯಲ್ಲಿ ಕಥೆ ಶುರು ಮಾಡಿದ. ತಾನು ತಮಾಷೆಗೆಂದು ನಾದಿನಿಯ ಪಟ್ಟಿ ಕದ್ದನಂತೆ, ಅವಳು ಗುಡಿಸಲಲ್ಲಿ ತಲೆ ಬಾಚಿಕೊಂಡು ಉರ್ಹೋನ ದಾರಿ ಕಾಯುತ್ತಾ ಕೂತಿದ್ದಳಂತೆ, ಕೊನೆಗೆ ವಿರಹ ತಾಳಲಾರದೆ ಕುಂಟುಕಾಲಿನಲ್ಲೇ ಓಡಿ ಬಂದಳಂತೆ.

"ತಗೋಳೇ," ಎಂದು ತಟ್ಟೆ ನನ್ನ ಮುಂದಿಟ್ಟ. "ನಿನ್ನ ಮೂಗಿಗೆ ಜೋಡಿ ತಂದಿದೀನಿ. ಎರಡರಲ್ಲಿ ಬೆಂದಿದ್ದು ಯಾವುದು ಅಂತ ನೋಡಿ ತಿನ್ನು."

ಭವನ ನಕ್ಕಿತು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ಈಗ ನನ್ನ ಸರದಿ. ಮಕ್ಕಳೂ ಓಡುವುದನ್ನು ನಿಲ್ಲಿಸಿದ್ದರು. ಅಕ್ಕ ಒಲೆಯ ಹತ್ತಿರ ಸೌಟು ಹಿಡಿದು ನಿಂತಿದ್ದಳು. ನಾಲಿಗೆಯ ತುದಿಯಲ್ಲಿ ಉತ್ತರ ಸಿದ್ಧವಿತ್ತು, ಬಾಯಿಯೂ ಅರ್ಧ ತೆರೆದಿದ್ದೆ. ಅಷ್ಟರಲ್ಲಿ ಕೊಲ್ಲಿಯಲ್ಲಿ ಕೇಳಿಸಿದ ಆ ನಗು ನೆನಪಾಯಿತು. ಚಕ್ಕೆ ಹಾರಿದ ಕೂಡಲೇ ಗಂಡಸರು ನಕ್ಕಿದ್ದರಲ್ಲ, ಅದರಲ್ಲಿ ಒಂದು ನಗು ನನಗೆ ಗೊತ್ತಿದ್ದದ್ದೇ. ಮೂವತ್ತು ವರ್ಷ ಕೇಳಿದ್ದ ನಗು. ಅವತ್ತು ನನ್ನ ಕಿವಿ ಅದನ್ನು ಗುರುತಿಸಲು ಒಪ್ಪಿರಲಿಲ್ಲ, ಅಷ್ಟೆ.

"ಲಿಯಾಂಡರ್ ಅವ್ರೇ," ಎಂದೆ. "ಮಾಂಸ ತುಂಬಾ ಚೆನ್ನಾಗಿ ಬೆಂದಿದೆ. ನೀವು ಇಷ್ಟು ಶ್ರಮ ತಗೊಂಡಿದ್ದಕ್ಕೆ ಥ್ಯಾಂಕ್ಸ್."

ಒಲೆಯ ಹತ್ತಿರ ಸೌಟು ನೆಲಕ್ಕೆ ಬಿತ್ತು. ಲಿಯಾಂಡರ್ ಮತ್ತೊಂದು ಸಲ ನಗಲು ನೋಡಿದ, ಇವಳಿಗೆ ಚಳಿ ತಲೆಗೇರಿದೆ ಎಂದ. ಯಾರೂ ಅವನ ಜೊತೆ ನಗಲಿಲ್ಲ. ನಾನು ಆ ತಟ್ಟೆಯನ್ನು ಪಕ್ಕದಲ್ಲಿದ್ದ ಮುದುಕಿಗೆ ದಾಟಿಸಿ, ಊರುಗೋಲು ತೆಗೆದುಕೊಂಡು, ಉರ್ಹೋಗೆ ತಲೆಯಾಡಿಸಿ ಹೊರಟೆ. ಅಕ್ಕನ ಕಡೆ ನೋಡಲಿಲ್ಲ. ನೋಡಿದ್ದರೆ ಹೊರಡಲು ಆಗುತ್ತಿರಲಿಲ್ಲ.

ಲಿಯಾಂಡರ್ ಹಿಂದೆಯೇ ಓಡಿ ಬಂದ. ಜಾಕೆಟ್ಟಿನ ಗುಂಡಿ ಹಾಕಿಕೊಳ್ಳುವುದನ್ನೂ ಮರೆತಿದ್ದ. ಹೆದ್ದಾರಿ ಮುಗಿಯುವ ಜಾಗದಲ್ಲಿ, ಆ ಒಂದೇ ದೀಪದ ಕಂಬದ ಕೆಳಗೆ, ನನಗೆ ಅಡ್ಡ ನಿಂತ.

"ಬೈಯೇ," ಎಂದ. "ನನ್ನನ್ನ ಬಾಯಿಗೆ ಬಂದಂಗೆ ಬೈಯೇ ಡೆಲಿಮಾ. ಹೊಡಿ ಬೇಕಾದ್ರೆ. ಇದೊಂದು ಮಾಡ್ಬೇಡ ಕಣೇ."

ಅವನು ಅಳುತ್ತಿದ್ದ. ಬ್ಯಾಸಿಲ್ ಸತ್ತಾಗಲೂ ಅಳದವನು. ನನ್ನ ಜೇಬಿನಲ್ಲಿ ಅಪ್ಪನ ಪಟ್ಟಿ ಇತ್ತು. ಎಷ್ಟು ತೊಳೆದರೂ ಅದು ಮೆತ್ತಗಾಗಿರಲಿಲ್ಲ.

"ಹೊರಗೆ ಚಳಿ ಇದೆ, ನೀವು ಒಳಗೆ ಹೋಗಿ," ಎಂದೆ. "ಅಕ್ಕ ಕಾಯ್ತಿರ್ತಾರೆ."

ಬಂಕಿನಲ್ಲಿ ಗಾಡಿ ನಿಲ್ಲಿಸಿ ದಾರಿ ಕೇಳುವ ಪರ ಊರಿನವರ ಜೊತೆಗೂ ನಾನು ಇಷ್ಟೇ ನಯವಾಗಿ ಮಾತಾಡುತ್ತೇನೆ.